‘ಏನೂ ಬೇಡ’ ಎನ್ನುವ ಹಿರಿಯರು ಮತ್ತು ಬೇಸಿಗೆಯ ಬಿಸಿಲು

2024ರ ರಮಝಾನ್ ಮಾರ್ಚ್ 12ರಂದು ಆರಂಭವಾಯಿತು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತ್ತು. ಅರಸೀಕೆರೆಯ ನಮ್ಮ ಬೀದಿಯ ಕೊನೆಯಲ್ಲಿ, ಸಿಮೆಂಟ್ ಶೀಟಿನ ಮನೆಯೊಂದರಲ್ಲಿ ಎಪ್ಪತ್ತು ದಾಟಿದ ವೃದ್ಧೆಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಮಸೀದಿಗೆ ಹೋಗುವಾಗಲೆಲ್ಲ ನಾನು ಸಲಾಮ್ ಹೇಳಿ, “ಖಾಲಾ, ಏನಾದರೂ ಬೇಕೇ?” ಎಂದು ವಿಚಾರಿಸುತ್ತಿದ್ದೆ. “ಏನೂ ಬೇಡ ಬೇಟಾ, ಅಲ್‌ಹಮ್ದುಲಿಲ್ಲಾಹ್” ಎಂಬುದೇ ಅವರ ಉತ್ತರವಾಗಿತ್ತು. ಆ ಉತ್ತರ ಕೇಳಿ ನನ್ನ ಹೊಣೆ ಮುಗಿಯಿತೆಂದು ಮುಂದೆ ನಡೆಯುತ್ತಿದ್ದೆ.

ಒಂದು ದಿನ ಅಸರ್ ನಮಾಝಿನ ನಂತರ ಪಕ್ಕದ ಮನೆಯ ಹುಡುಗಿ ಇಫ್ತಾರಿನ ತಿನಿಸು ಕೊಡಲು ಹೋದಾಗ, ಅವರು ಬಾಗಿಲ ಬಳಿ ಬಿದ್ದಿದ್ದರು. ಮೈ ಕಾದ ಹೆಂಚಿನಂತಿತ್ತು. ತೀರಿಹೋದ ಗಂಡನ ಹೆಸರು ಹಿಡಿದು ಏನೇನೋ ಕನವರಿಸುತ್ತಿದ್ದರು. ಒದ್ದೆ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ದೆವು. ಅಲ್ಲಾಹನ ಕೃಪೆಯಿಂದ ಬದುಕಿದರು. ರಕ್ತದೊತ್ತಡಕ್ಕೆಂದು ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಹರಿಯ ವೇಳೆ ನುಂಗಿ ಅವರು ದಿನವಿಡೀ ಉಪವಾಸವಿದ್ದರೆಂಬುದು ಆಮೇಲೆ ತಿಳಿಯಿತು.

ಅವರು ಸುಳ್ಳು ಹೇಳಿರಲಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಬೆವರುವ ಶಕ್ತಿಯೂ ಕಡಿಮೆಯಾಗುತ್ತದೆ. ದೇಹ ಒಣಗುತ್ತಿದ್ದರೂ ನಾಲಿಗೆ ನೀರು ಕೇಳುವುದಿಲ್ಲ. ಆದ್ದರಿಂದ ‘ಬೇಡ’ ಎಂಬ ಹಿರಿಯರ ಮಾತನ್ನು ಬೇಸಿಗೆಯಲ್ಲಿ ಉತ್ತರವೆಂದು ಸ್ವೀಕರಿಸಬಾರದು. ಕೇಳಿದಾಗ ಕೊಡುವುದು ಸೌಜನ್ಯ. ಕೇಳುವ ಮೊದಲೇ ಕೊಡುವುದು ಕರ್ತವ್ಯ. ಹೆತ್ತವರಿಗೆ ‘ಛೆ’ ಎಂದೂ ಹೇಳಬಾರದೆಂದು ಕಲಿಸಿದ ಕುರ್‌ಆನ್, ಅವರ ಮೌನವನ್ನು ಓದಲೂ ನಮಗೆ ಕಲಿಸಿದೆಯಲ್ಲವೇ?

ನಮ್ಮ ಮನೆಗಳಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ಕಾಯಿಲೆಯ ಮೈಯಲ್ಲೂ ರೋಝಾ ಬಿಡದ ಅಜ್ಜಿಯನ್ನು ಮಕ್ಕಳ ಮುಂದೆ ಹೊಗಳುತ್ತೇವೆ. ಆ ಹೊಗಳಿಕೆ ಅವರಿಗೆ ಸಂಕೋಲೆಯಾಗುತ್ತದೆ. ರೋಗಿಗೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿಗೊಳಿಸುವ ಅವಕಾಶವನ್ನೂ, ಇನ್ನು ಶಕ್ತಿಯೇ ಬಾರದ ವೃದ್ಧರಿಗೆ ದಿನಕ್ಕೊಬ್ಬ ಬಡವನಿಗೆ ಉಣಿಸುವ ಫಿದ್ಯಾವನ್ನೂ ದೀನ್ ನೀಡಿದೆ. ಪ್ರವಾದಿ(ಸ)ಯವರ ಸೇವೆಯಲ್ಲಿ ಬೆಳೆದ ಅನಸ್ ಬಿನ್ ಮಾಲಿಕ್(ರ)ರವರೇ ಇಳಿವಯಸ್ಸಿನಲ್ಲಿ ಉಪವಾಸದ ಬದಲು ಬಡವರಿಗೆ ರೊಟ್ಟಿ ಮತ್ತು ಮಾಂಸ ಉಣಿಸಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಅವರಿಗಿಲ್ಲದ ನಾಚಿಕೆ ನಮ್ಮ ಹಿರಿಯರಿಗೇಕೆ? ಬಿರುಬಿಸಿಲಿದ್ದಾಗ ಝುಹರ್ ನಮಾಝನ್ನು ತುಸು ತಂಪಾಗುವವರೆಗೆ ತಡಮಾಡಲು ಪ್ರವಾದಿ(ಸ)ಯವರು ಹೇಳಿದ್ದಾರೆ. ಆರಾಧನೆಯ ಸಮಯವೇ ಬಿಸಿಲಿಗೆ ಸರಿದು ಕೊಡುವಾಗ, ನಮ್ಮ ಹಠ ಸರಿಯಬಾರದೇ?

ಅದೇ 2024ರ ಹಜ್ಜಿನಲ್ಲಿ 1,301 ಮಂದಿ ತೀರಿಕೊಂಡರೆಂದು ಸೌದಿ ಸರಕಾರ ಪ್ರಕಟಿಸಿತು. ಮಕ್ಕಾದಲ್ಲಿ ತಾಪಮಾನ 50 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮೃತರಲ್ಲಿ ಹೆಚ್ಚಿನವರು ಅಧಿಕೃತ ಪರವಾನಗಿಯಿಲ್ಲದೆ, ನೆರಳು ಮತ್ತು ತಂಗುದಾಣಗಳಿಲ್ಲದೆ ಬಿಸಿಲಲ್ಲಿ ನಡೆದವರು. ವೃದ್ಧರೂ ದೀರ್ಘಕಾಲದ ರೋಗಿಗಳೂ ಅವರಲ್ಲಿದ್ದರು. ಆಸರೆಯಿಲ್ಲದವರನ್ನೇ ಬಿಸಿಲು ಮೊದಲು ಹಿಡಿಯುತ್ತದೆ.

ಅರಸೀಕೆರೆ ಬಯಲುಸೀಮೆ, ಬೇಲೂರು ಮಲೆನಾಡಿನ ಸೆರಗು. ಅಲ್ಲಿ ಚಿಂತೆಯಿಲ್ಲ ಎನ್ನುವವರಿದ್ದಾರೆ. ಆದರೆ ತಂಪಿಗೆ ಒಗ್ಗಿದ ದೇಹ ಮೊದಲ ಬಿಸಿ ದಿನಗಳಲ್ಲೇ ಸೋಲುತ್ತದೆ. ಹಳೇಬೀಡಿನ ದೇಗುಲದ ಎದುರು ನೆರಳಿಲ್ಲದೆ ಕುಳಿತು ವ್ಯಾಪಾರ ಮಾಡುವ ಮುದುಕನಿಗೆ ಅವನ ಊರು ಯಾವ ಸೀಮೆಯಾದರೇನು?

ಮಾಡಬೇಕಾದುದು ಕಷ್ಟದ್ದೇನಲ್ಲ. ಹಿರಿಯರ ಕೈಗೆ ಗಂಟೆಗೊಮ್ಮೆ ಲೋಟ ಕೊಟ್ಟು, ಕುಡಿಯುವವರೆಗೆ ಎದುರಿಗೆ ಕುಳಿತುಕೊಳ್ಳಿ. ನೀರು, ಮಜ್ಜಿಗೆ, ಎಳನೀರು ಯಾವುದಾದರೂ ಆದೀತು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದರೆ ಏನು, ಎಷ್ಟು ಎಂಬುದನ್ನು ವೈದ್ಯರು ಹೇಳಲಿ. ಮಾತ್ರೆಗಳನ್ನು ತಾವಾಗಿ ನಿಲ್ಲಿಸದೆ, ರಮಝಾನಿಗೆ ಮೊದಲೇ ವೈದ್ಯರಲ್ಲಿ ಸಲಹೆ ಕೇಳಿ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಕಳುಹಿಸಬೇಡಿ. ಶೀಟಿನ ಮನೆಯವರನ್ನು ಆ ಹೊತ್ತಿಗೆ ಹೆಂಚಿನ ಅಥವಾ ತಾರಸಿಯ ಮನೆಗೆ ಕರೆತನ್ನಿ. ಮಾತು ತೊದಲಿದರೆ, ಗಲಿಬಿಲಿಯಾದರೆ, ಮೈ ಸುಡುತ್ತಿದ್ದರೆ 108ಕ್ಕೆ ಕರೆ ಮಾಡಿ. ನೆರಳಿಗೆ ತಂದು ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಜಮಾಅತ್‌ಗಳಲ್ಲಿ ನನ್ನದೊಂದು ವಿನಂತಿ. ದಾರಿಹೋಕರಿಗೆ ಶರಬತ್ತು ಹಂಚುತ್ತೇವೆ, ಅದು ಪುಣ್ಯಕಾರ್ಯವೇ. ಆದರೆ ಆ ಪೆಂಡಾಲಿನವರೆಗೆ ನಡೆದು ಬರಲಾಗದವರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಒಂಟಿಯಾಗಿರುವ ಹಿರಿಯರ ಪಟ್ಟಿ ಮಾಡಿ, ಒಬ್ಬೊಬ್ಬರಿಗೆ ಒಬ್ಬ ಯುವಕ ಅಥವಾ ಯುವತಿಯನ್ನು ಗೊತ್ತುಮಾಡಿ. ದಿನಕ್ಕೆರಡು ಸಲ ಬಾಗಿಲು ತಟ್ಟಲಿ. ನೆರೆಮನೆಯವರು ಯಾವ ಧರ್ಮದವರಾದರೂ ನೆರೆಯವರೇ. ಅವರ ಬಾಗಿಲನ್ನೂ ತಟ್ಟಲಿ.

ಖಾಲಾ ಈಗಲೂ “ಏನೂ ಬೇಡ ಬೇಟಾ” ಎನ್ನುತ್ತಾರೆ. ನಾನೀಗ ಚಪ್ಪಲಿ ಕಳಚಿ ಒಳಗೆ ಹೋಗಿ, ಮೊದಲು ಅವರ ನೀರಿನ ಕೊಡವನ್ನು ನೋಡುತ್ತೇನೆ.

ಬಾಯಿಬಿಟ್ಟು ಕೇಳದವರ ದಾಹವನ್ನು ಅರಿಯುವ ಹೃದಯವನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.