ಅರ್ಹತೆಯ ಪರೀಕ್ಷೆ ಯಾರಿಗೆ?

2015ರ ಸೆಪ್ಟೆಂಬರ್ 8ರಂದು ಇರಾನ್ ಫುಟ್ಬಾಲ್ ತಂಡ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಆಡಿತು. 2018ರ ವಿಶ್ವಕಪ್‌ಗಾಗಿ ನಡೆದ ಅರ್ಹತಾ ಪಂದ್ಯ ಅದು. ಆ ವಾರ ವಿಜಯನಗರದ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತಿದ್ದಾಗ ಪರಿಚಿತ ಹಿರಿಯರೊಬ್ಬರು ನಗುತ್ತಲೇ ಕೇಳಿದರು: "ಏನ್ ಸಾಹೇಬ್ರೇ, ನಿಮ್ಮ ಸಪೋರ್ಟ್ ಯಾರಿಗೆ?" ಪಕ್ಕದ ಮೇಜಿನವರನ್ನು ಅವರು ಹೀಗೆ ಕೇಳಲಿಲ್ಲ. ನಮ್ಮನ್ನು ಮಾತ್ರ ಕೇಳಿದರು.

ತಮಾಷೆಯೆಂದು ನಕ್ಕು ಬಿಡಬಹುದಿತ್ತು. ಆದರೆ ಪಾಕಿಸ್ತಾನದ ಜೊತೆ ಕ್ರಿಕೆಟ್ ನಡೆದಾಗಲೆಲ್ಲ ಕೇಳಿ ಕೇಳಿ ಸಾಕಾದ ಪ್ರಶ್ನೆ ಇದು. ಆ ಅರ್ಹತಾ ಸುತ್ತಿನ 'ಡಿ' ಗುಂಪಿನಲ್ಲಿ ಭಾರತದೊಂದಿಗೆ ಇರಾನ್, ಒಮಾನ್, ತುರ್ಕಮೆನಿಸ್ತಾನ ಮತ್ತು ಗುವಾಮ್ ಇದ್ದವು. ಮೊದಲ ಮೂರೂ ಮುಸ್ಲಿಮ್ ಬಹುಸಂಖ್ಯಾತ ದೇಶಗಳು. ಹಾಗಾದರೆ ಅವುಗಳೆದುರಿನ ಆರು ಪಂದ್ಯಗಳಿಗೂ ಮುನ್ನ ನಾವು ದೇಶನಿಷ್ಠೆಯ ಪ್ರಮಾಣಪತ್ರ ತೋರಿಸಬೇಕೇ?

ಕೇಳುವವರು ಇದೇ ಊರಿನ ಚರಿತ್ರೆಯನ್ನು ಒಮ್ಮೆ ತಿರುವಿ ನೋಡಲಿ. ಬ್ರಿಟಿಷ್ ಸೇನಾ ತಂಡಗಳ ಪಾಲಾಗುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡದ ಹೆಸರು 'ಬೆಂಗಳೂರು ಮುಸ್ಲಿಮ್ಸ್'. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 1-10ರಿಂದ ಸೋತಿತು. ಮಾನ ಉಳಿಸಿದ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. 1951ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 2017ರಲ್ಲಿ ಅವರು ತೀರಿಕೊಂಡಾಗ ನಮ್ಮ ಬಡಾವಣೆಗಳಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತು?

ಅಂದು ಇರಾನ್ 3-0ಯಿಂದ ಗೆದ್ದಿತು. ಒಟ್ಟು ಎಂಟು ಪಂದ್ಯಗಳಲ್ಲಿ ಭಾರತ ಏಳನ್ನು ಸೋತು, ಮೂರೇ ಅಂಕಗಳೊಂದಿಗೆ ಗುಂಪಿನ ಕೊನೆಯ ಸ್ಥಾನಕ್ಕಿಳಿಯಿತು. ನಮಗಿಂತ ಮೇಲಿದ್ದ ಗುವಾಮ್ ದ್ವೀಪದ ಜನಸಂಖ್ಯೆ ಸುಮಾರು 1.6 ಲಕ್ಷ. ನಮ್ಮ ವಿಜಯನಗರ ವಿಧಾನಸಭಾ ಕ್ಷೇತ್ರದ ಮತದಾರರೇ ಅದಕ್ಕಿಂತ ಹೆಚ್ಚು! ದೇಶದ ಮೇಲೆ ನಿಜವಾದ ಅಭಿಮಾನವಿದ್ದವರು ಕೇಳಬೇಕಾದದ್ದು "ಯಾಕೆ ಹೀಗಾಯಿತು?" ಎಂದು. ಅದರ ಬದಲು ಗ್ಯಾಲರಿಯಲ್ಲಿ ಯಾರು ಯಾರಿಗೆ ಚಪ್ಪಾಳೆ ತಟ್ಟುತ್ತಾರೆಂದು ಲೆಕ್ಕ ಹಾಕುತ್ತಾ ಕುಳಿತರೆ ತಂಡ ಗೆಲ್ಲುವುದೇ?

ಆ "ಯಾಕೆ"ಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಫುಟ್ಬಾಲ್ ಬೆಳೆದದ್ದು ಕಂಟೋನ್ಮೆಂಟಿನ ಆಸ್ಟಿನ್ ಟೌನ್, ಗೌತಮಪುರಗಳ ಬಡವರ ಬೀದಿಗಳಲ್ಲಿ. ನಗರದ ಪಶ್ಚಿಮಕ್ಕೆ, ರಾಜಾಜಿನಗರದಿಂದ ಕೆಂಗೇರಿಯವರೆಗೆ ಬನ್ನಿ. ಸಂಜೆ ಚೆಂಡು ಹಿಡಿದು ಹೊರಟ ಹುಡುಗ ಎಲ್ಲಿಗೆ ಹೋಗಬೇಕು? ರಸ್ತೆಯಲ್ಲಿ ವಾಹನಗಳು, ಉದ್ಯಾನದಲ್ಲಿ 'ಆಟವಾಡಬಾರದು' ಎಂಬ ಫಲಕ. ಟರ್ಫ್ ಮೈದಾನಗಳಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಕೂಲಿಕಾರನ ಮಗನಿಗೆ ಅರ್ಹತಾ ಸುತ್ತು ಮನೆಯ ಗೇಟಿನಲ್ಲೇ ಮುಗಿಯುತ್ತದೆ. ಅವನ ಹೆಸರು ರಮೇಶನಾಗಿರಲಿ, ರಫೀಕನಾಗಿರಲಿ.

ನಮ್ಮ ಸಮುದಾಯವೂ ಕನ್ನಡಿ ನೋಡಿಕೊಳ್ಳಬೇಕು. ಅಹ್ಮದ್ ಖಾನರ ಹೆಸರು ಹೇಳಿ ಎದೆಯುಬ್ಬಿಸುವ ನಾವು, ಮಗ ಚೆಂಡು ಮುಟ್ಟಿದರೆ ಓದು ಕೆಟ್ಟಿತೆಂದು ಗದರುತ್ತೇವೆ. ಮಗಳನ್ನಂತೂ ಮೈದಾನದ ಕಡೆ ಕಳಿಸುವುದೇ ಇಲ್ಲ. ಮದುವೆಯ ಆಡಂಬರಕ್ಕೆ ಸುರಿಯುವ ಹಣದಲ್ಲಿ ಒಂದಿಷ್ಟನ್ನು ಮೊಹಲ್ಲಾದ ಮಕ್ಕಳ ಆಟಕ್ಕೆ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ಗೆಲುವಿಗೆ ಮೂರು, ಡ್ರಾಗೆ ಒಂದು ಅಂಕ, ಸೋಲಿಗೆ ಸೊನ್ನೆ: ಫುಟ್ಬಾಲ್ ಗುಂಪಿನ ಲೆಕ್ಕ ಇಷ್ಟೇ. ಅಲ್ಲಿ ತಂಡಗಳು ಅರ್ಹತೆ ಗಳಿಸಬೇಕು, ಸರಿ. ಆದರೆ ನಾಗರಿಕರಿಗೆ ಅರ್ಹತಾ ಸುತ್ತು ಇಲ್ಲ. ಸಂವಿಧಾನ ಅದನ್ನು ಇಟ್ಟಿಲ್ಲ. ನಮ್ಮ ಬೆಂಬಲ ಯಾರಿಗೆ ಎಂದು ಕೇಳಿದ ಆ ಹಿರಿಯರಿಗೆ ನಮ್ಮ ಉತ್ತರ ಇದು: ಬನ್ನಿ ಯಜಮಾನರೇ, ಇಬ್ಬರೂ ಸೇರಿ ಮೊದಲು ನಮ್ಮ ವಾರ್ಡಿಗೊಂದು ಆಟದ ಮೈದಾನ ಕೇಳೋಣ.