ಸಿರಪ್ ಬಾಟಲಿಗೆ ಬಿಸಿನೀರು ಬೇಡ

ಕಳೆದ ಏಪ್ರಿಲ್‌ನಲ್ಲಿ ತಂಗಿಗೆ ಕಿವಿನೋವು, ಜೊತೆಗೆ ಜ್ವರ. ಡಾಕ್ಟರು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ ಸೇರಿದ ಡ್ರೈ ಸಿರಪ್ ಬರೆದುಕೊಟ್ಟರು. ಉಮ್ಮ ನೀರು ಕುದಿಸಿ, ಬಿಸಿ ಆರುವ ಮೊದಲೇ ಪುಡಿಗೆ ಸುರಿದು ಕುಲುಕಿ, ಬಾಟಲಿಯನ್ನು ಗ್ಯಾಸ್ ಒಲೆಯ ಮೇಲಿನ ಶೆಲ್ಫಿನಲ್ಲಿಟ್ಟರು. ಮೂರು ದಿನವಾದರೂ ಜ್ವರ ಇಳಿಯಲಿಲ್ಲ. ಡಾಕ್ಟರು ಹೊಸ ಬಾಟಲಿ ತರಿಸಿ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಫ್ರಿಜ್ಜಿನಲ್ಲಿಡಲು ಹೇಳಿದರು. ಜ್ವರ ನಿಲ್ಲದ್ದಕ್ಕೆ ಬಿಸಿಯೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಕೆಮಿಸ್ಟ್ರಿ ಓದುವ ನಾನು ಅದನ್ನು ನೋಡಿಯೂ ಸುಮ್ಮನಿದ್ದೆ. ಅದು ಈಗಲೂ ಚುಚ್ಚುತ್ತದೆ.

ಪೆನಿಸಿಲಿನ್ ಕುಟುಂಬದ ಔಷಧಿಗಳ ಬಲವಿರುವುದು ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರದಲ್ಲಿ. ಅದರೊಳಗಿನ ಬಂಧಕೋನ ಸುಮಾರು 90 ಡಿಗ್ರಿ ಮಾತ್ರ, ಹಾಗಾಗಿ ಉಂಗುರ ಸದಾ ಎಳೆದ ಬಿಲ್ಲಿನಂತಿರುತ್ತದೆ. ನೀರಿನ ಅಣು ಅದನ್ನು ನಿಧಾನವಾಗಿ ಬಿಚ್ಚುತ್ತದೆ. ಬಿಸಿ ಏರಿದಷ್ಟೂ ಕ್ರಿಯೆಯ ವೇಗ ಹೆಚ್ಚು. ನಾವು ಅಂಕಕ್ಕಾಗಿ ಬಾಯಿಪಾಠ ಮಾಡುವ ಅರ್ಹೀನಿಯಸ್ ಸಮೀಕರಣ ಹೇಳುವುದೂ ಇದನ್ನೇ. ಉಂಗುರ ಬಿಚ್ಚಿಕೊಂಡರೆ ಬ್ಯಾಕ್ಟೀರಿಯಾಕ್ಕೆ ಆ ಔಷಧಿಯ ಹೆದರಿಕೆಯಿಲ್ಲ. ಅಮಾಕ್ಸಿಸಿಲಿನ್‌ಗೆ ಕಾವಲಾಗಿ ಸೇರಿಸಿದ ಕ್ಲಾವುಲಾನಿಕ್ ಆಮ್ಲ ಇನ್ನೂ ಬೇಗ ಕೆಡುತ್ತದೆ. ಅರ್ಧ ಬಲದ ಔಷಧಿ ಕುಡಿದ ಮಗುವಿನ ದೇಹದಲ್ಲಿ ಉಳಿಯುವುದು ಗಟ್ಟಿ ಬ್ಯಾಕ್ಟೀರಿಯಾಗಳೇ. ಸಿರಪ್ ಮಾತ್ರ ಸಿಹಿಯಾಗಿಯೇ ಇರುತ್ತದೆ, ಕೆಟ್ಟದ್ದು ಗೊತ್ತಾಗುವುದಿಲ್ಲ.

ಹಾಗೆಂದು ಎಲ್ಲ ಆ್ಯಂಟಿಬಯೋಟಿಕ್‌ಗಳೂ ಬಿಸಿಗೆ ಸೋಲುವುದಿಲ್ಲ. ಕೋಳಿಗಳಿಗೆ ಕೊಡುವ ಎನ್ರೋಫ್ಲಾಕ್ಸಾಸಿನ್ ಮಾಂಸದಲ್ಲಿ ಉಳಿದಿದ್ದರೆ, ಸಾರು ಎಷ್ಟು ಕುದಿದರೂ ಬಹುಪಾಲು ಒಡೆಯುವುದಿಲ್ಲ. ಸ್ವಲ್ಪ ಮಾಂಸದಿಂದ ಸಾರಿಗೆ ಇಳಿಯುತ್ತದೆ, ಅಷ್ಟೇ. "ಕುದಿಸಿದರೆ ಎಲ್ಲ ಸರಿಯಾಗುತ್ತದೆ" ಎಂಬ ಮಾತು ಅಡುಗೆಮನೆಯಲ್ಲಿ ಹೀಗೆ ಎರಡೂ ಕಡೆ ತಪ್ಪುತ್ತದೆ.

ತಪ್ಪು ಉಮ್ಮನದೆಂದು ನಾನು ಒಪ್ಪುವುದಿಲ್ಲ. ಬಾಟಲಿಯ ಮೇಲಿನ ಸೂಚನೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿತ್ತು. ಉಮ್ಮ ದಿನಾ ಕನ್ನಡ ಪೇಪರ್ ಓದುವವರು. ಮೆಡಿಕಲ್‌ನವರು ಬಾಟಲಿಯ ಜೊತೆ ಒಂದು ಕನ್ನಡ ಚೀಟಿ ಕೊಟ್ಟಿದ್ದರೆ ಸಾಕಿತ್ತು. ಆದಿ ಉಡುಪಿಯಿಂದ ಮಲ್ಪೆಯವರೆಗಿನ ಮೆಡಿಕಲ್‌ಗಳಿಗೆ ಅಂಥ ಚೀಟಿಯನ್ನು ನಾವೇ, ವಿಜ್ಞಾನ ವಿಭಾಗದವರು, ಮಾಡಿಕೊಡಬಹುದಲ್ಲ? ಸರ್‌ಗಳು ಒಪ್ಪಿದರೆ ಕರಡು ಸಿದ್ಧವಿದೆ: "ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ. ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಪ್ರತಿ ಸಲ ಕುಲುಕಿ ಕೊಡಿ. ಬಾಟಲಿಯಲ್ಲಿ ಹೇಳಿದ ದಿನಗಳ ನಂತರ ಉಳಿದದ್ದನ್ನು ಕೊಡಬೇಡಿ."

"ಗುರುತು ಎಂದರೆ ಯಾವುದು, ಬಾಣದ ಗೆರೆ ಎಂದು ಬರಿ" ಎಂದು ಉಮ್ಮ ಆಗಲೇ ಒಂದು ತಿದ್ದುಪಡಿ ಹೇಳಿದ್ದಾರೆ.