ಗಜಕರ್ಣದ ಮುಲಾಮು: ಕಾಗದದಲ್ಲಿ ನಿಯಮ, ಅಂಗಡಿಯಲ್ಲಿ ಸ್ಟೀರಾಯ್ಡ್

ಜೀವ ತೆಗೆಯದ ಕಾಯಿಲೆಗೆ ಸರ್ಕಾರದ ಕಡತಗಳಲ್ಲಿ ಜಾಗ ಸಿಗುವುದು ಕಷ್ಟ. 2021ರ ಬೇಸಿಗೆಯಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ರೋಗ ಕಾಣಿಸಿಕೊಂಡಾಗ, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿದವು. ಆಂಫೊಟೆರಿಸಿನ್-ಬಿ ಚುಚ್ಚುಮದ್ದಿನ ಕೊರತೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಆ ವರ್ಷದ ಜುಲೈನಲ್ಲಿ ಕೇಂದ್ರವು ಸಂಸತ್ತಿಗೆ ನೀಡಿದ ಲೆಕ್ಕದ ಪ್ರಕಾರ ರೋಗಿಗಳ ಸಂಖ್ಯೆ 45 ಸಾವಿರ ದಾಟಿತ್ತು, ಸತ್ತವರು ನಾಲ್ಕು ಸಾವಿರಕ್ಕೂ ಹೆಚ್ಚು. ಆದರೆ ಅದಕ್ಕೂ ಹಲವು ವರ್ಷ ಮೊದಲೇ ದೇಶದ ಉದ್ದಗಲಕ್ಕೆ ಹಬ್ಬಿದ್ದ, ಇಂದಿಗೂ ಹಬ್ಬುತ್ತಿರುವ ಮತ್ತೊಂದು ಶಿಲೀಂಧ್ರದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅದು ಜನರು ಗಜಕರ್ಣ, ಹುಳುಕಡ್ಡಿ, ತದ್ದು ಎಂದೆಲ್ಲ ಕರೆಯುವ, ಹೇಳಿಕೊಳ್ಳಲು ಮುಜುಗರಪಡುವ ಚರ್ಮರೋಗ.

ಹಿಂದೆ ಇದು ವೈದ್ಯರನ್ನು ಕಾಡಿದ ರೋಗವಲ್ಲ. ಎರಡು ವಾರ ಮುಲಾಮು ಹಚ್ಚಿದರೆ, ಹೆಚ್ಚೆಂದರೆ ಒಂದಿಷ್ಟು ದಿನ ಮಾತ್ರೆ ನುಂಗಿದರೆ ಗುಣವಾಗುತ್ತಿತ್ತು. ಕಳೆದ ಸುಮಾರು ಒಂದು ದಶಕದಲ್ಲಿ ಚಿತ್ರ ಬದಲಾಗಿದೆ. ತೊಡೆಸಂದಿನಲ್ಲಿ ಆರಂಭವಾದ ಉಂಗುರದಾಕಾರದ ಗೆರೆ ಸೊಂಟ, ಬೆನ್ನು, ಮುಖದವರೆಗೆ ಹರಡುತ್ತದೆ; ಮನೆಯಲ್ಲಿ ಒಬ್ಬರಿಗೆ ಬಂದದ್ದು ಎಲ್ಲರಿಗೂ ಅಂಟುತ್ತದೆ; ವಾಸಿಯಾಯಿತು ಎನ್ನುವಷ್ಟರಲ್ಲಿ ಮರಳುತ್ತದೆ. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ‘ಟ್ರೈಕೋಫೈಟಾನ್ ಇಂಡೋಟಿನಿಯೆ’ ಎಂದು ಹೆಸರಿಟ್ಟರು. ಅವರು ಪರೀಕ್ಷಿಸಿದ್ದು ಜಪಾನಿನಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳ ಮಾದರಿಗಳನ್ನು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕಿಣ್ವವೊಂದರ ಹೆಸರಿನಲ್ಲಿ ನವದೆಹಲಿ ಸೇರಿಕೊಂಡದ್ದಕ್ಕೆ 2010ರಲ್ಲಿ ದೇಶದಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಈ ಬಾರಿ ಯಾರೂ ಚಕಾರವೆತ್ತಲಿಲ್ಲ.

ಸಮಸ್ಯೆಯ ಗಾಂಭೀರ್ಯ ಹೆಸರಿನಲ್ಲಿಲ್ಲ, ಔಷಧದ ಸೋಲಿನಲ್ಲಿದೆ. ಗಜಕರ್ಣಕ್ಕೆ ಜಗತ್ತಿನಾದ್ಯಂತ ಮೊದಲ ಆಯ್ಕೆಯಾಗಿದ್ದುದು ಟರ್ಬಿನಾಫಿನ್. ಶಿಲೀಂಧ್ರದ ಜೀವಕೋಶದ ಪೊರೆಗೆ ಎರ್ಗೋಸ್ಟೆರಾಲ್ ಎಂಬ ವಸ್ತು ಬೇಕು. ಅದನ್ನು ತಯಾರಿಸುವ ದಾರಿಯಲ್ಲಿರುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಟರ್ಬಿನಾಫಿನ್ ತಡೆಯುತ್ತದೆ. ಆ ಕಿಣ್ವದ ವಂಶವಾಹಿಯಲ್ಲಿ ಒಂದೇ ಒಂದು ಸಣ್ಣ ಬದಲಾವಣೆಯಾದರೂ ಔಷಧ ಅದನ್ನು ಹಿಡಿಯಲಾರದು. ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 32ರಷ್ಟು ಮಾದರಿಗಳಲ್ಲಿ ಈ ಪ್ರತಿರೋಧ ಕಂಡುಬಂತು. ದೇಶದ ವಿವಿಧೆಡೆಯ ಮಾದರಿಗಳನ್ನು ಜರ್ಮನಿ ಮತ್ತು ಭಾರತದ ತಜ್ಞರು ಜೊತೆಗೂಡಿ ಪರಿಶೀಲಿಸಿ 2020ರಲ್ಲಿ ನೀಡಿದ ವರದಿಯಲ್ಲಿ ಆ ಪ್ರಮಾಣ ಶೇ 71. ಎರಡು ಅಧ್ಯಯನಗಳ ಮಾದರಿಗಳು ಬೇರೆಬೇರೆ. ಆದ್ದರಿಂದ ಎರಡು ವರ್ಷದಲ್ಲಿ ಪ್ರತಿರೋಧ ಇಮ್ಮಡಿಯಾಯಿತು ಎಂದು ಅವಸರದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಆದರೂ ದಿಕ್ಕು ಯಾವ ಕಡೆಗಿದೆ ಎಂಬುದರಲ್ಲಿ ಸಂಶಯವಿಲ್ಲ.

ಪ್ರಯೋಗಾಲಯದ ಅಂಕಿಗಳಿಗಿಂತ ಹೆಚ್ಚು ಕಳವಳ ಹುಟ್ಟಿಸುವುದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು ರೋಗಿಗಳ ಮೇಲೆಯೇ ನಡೆಸಿದ ಪರೀಕ್ಷೆ. 200 ರೋಗಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಮಾತ್ರೆ ಕೊಡಲಾಯಿತು. ನಾಲ್ಕು ವಾರಗಳ ಬಳಿಕ ಯಾವ ಗುಂಪಿನಲ್ಲೂ ಶೇ 8ಕ್ಕಿಂತ ಹೆಚ್ಚು ಮಂದಿ ಪೂರ್ಣ ಗುಣವಾಗಿರಲಿಲ್ಲ. ಎಂಟು ವಾರಗಳ ಹೊತ್ತಿಗೆ ಇಟ್ರಾಕೋನಜೋಲ್ ತೆಗೆದುಕೊಂಡವರಲ್ಲಿ ಶೇ 66, ಫ್ಲೂಕೋನಜೋಲ್‌ನಲ್ಲಿ ಶೇ 42, ಟರ್ಬಿನಾಫಿನ್‌ನಲ್ಲಿ ಶೇ 28, ಹಳೆಯ ಗ್ರಿಸಿಯೋಫಲ್ವಿನ್‌ನಲ್ಲಿ ಕೇವಲ ಶೇ 14 ಮಂದಿ ಗುಣಮುಖರಾದರು. ಅಂದರೆ, ಇರುವುದರಲ್ಲಿ ಅತ್ಯುತ್ತಮವಾದ ಔಷಧವನ್ನು ಎರಡು ತಿಂಗಳು ಸೇವಿಸಿದರೂ ಮೂವರಲ್ಲಿ ಒಬ್ಬರಿಗೆ ಪೂರ್ಣ ಪರಿಹಾರವಿಲ್ಲ. ಈ ಫಲಿತಾಂಶ 2020ರಲ್ಲಿ ಬ್ರಿಟನ್ನಿನ ಪ್ರಮುಖ ಚರ್ಮರೋಗ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಸ್ಥಿತಿ ಭಾರತದಲ್ಲೇ ಏಕೆ ಹುಟ್ಟಿತು? ಸೆಕೆ, ಬೆವರು, ಬಿಗಿಯಾದ ಉಡುಪು, ಇಕ್ಕಟ್ಟಿನ ವಾಸ, ಹಂಚಿಕೊಂಡ ಟವೆಲ್ಲು-ಹಾಸಿಗೆ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಆದರೆ ಇವು ನಿನ್ನೆ ಮೊನ್ನೆಯವಲ್ಲ. ಚರ್ಮರೋಗ ತಜ್ಞರು ಮತ್ತೆ ಮತ್ತೆ ಬೆರಳು ತೋರಿಸುವುದು ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುವ ಮಿಶ್ರಣ ಮುಲಾಮುಗಳತ್ತ. ಒಂದೇ ಟ್ಯೂಬಿನಲ್ಲಿ ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೋಬೆಟಸೋಲ್‌ನಂಥ ಅತಿ ಪ್ರಬಲ ಸ್ಟೀರಾಯ್ಡ್. ಯಾವ ರೋಗವೆಂದು ಗೊತ್ತಿಲ್ಲದಿದ್ದರೂ ಯಾವುದಾದರೊಂದು ತಾಗಲಿ ಎಂಬ ಲೆಕ್ಕಾಚಾರವಿದು.

ಸ್ಟೀರಾಯ್ಡ್ ಮಾಡುವ ಮೋಸ ಸೂಕ್ಷ್ಮವಾದದ್ದು. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ, ಕೆಂಪು ಎರಡೂ ಇಳಿಯುತ್ತವೆ. ಇಳಿಯುವುದು ಶಿಲೀಂಧ್ರ ಸತ್ತದ್ದರಿಂದಲ್ಲ, ಅದರ ವಿರುದ್ಧ ದೇಹ ನಡೆಸುತ್ತಿದ್ದ ಹೋರಾಟವನ್ನೇ ಸ್ಟೀರಾಯ್ಡ್ ಅಡಗಿಸಿದ್ದರಿಂದ. ನೆಮ್ಮದಿಯಾದ ರೋಗಿ ಮುಲಾಮು ನಿಲ್ಲಿಸುತ್ತಾನೆ. ವಾರದಲ್ಲಿ ತುರಿಕೆ ಇಮ್ಮಡಿಯಾಗಿ ಮರಳುತ್ತದೆ. ಮತ್ತೆ ಅದೇ ಟ್ಯೂಬು. ಈ ಚಕ್ರದಲ್ಲಿ ಗೆರೆಯ ರೂಪವೇ ಕೆಟ್ಟು, ಅನುಭವಿ ವೈದ್ಯರಿಗೂ ಗುರುತು ಹತ್ತದಂತಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾಗಿ, ಎಂದೂ ಮಾಸದ ಪಟ್ಟೆಗಳು ಮೂಡುತ್ತವೆ. ಸ್ಟೀರಾಯ್ಡೇ ಶಿಲೀಂಧ್ರದ ವಂಶವಾಹಿಯನ್ನು ಬದಲಿಸಿತು ಎಂದು ಯಾರೂ ಸಾಬೀತುಪಡಿಸಿಲ್ಲ. ಆದರೆ ಅರೆಬರೆ ಔಷಧ ಒಂದೆಡೆ, ಅಡಗಿದ ರೋಗನಿರೋಧಕ ಶಕ್ತಿ ಇನ್ನೊಂದೆಡೆ ಇರುವಾಗ, ಔಷಧವನ್ನು ತಾಳಿಕೊಂಡ ತಳಿಯೇ ಉಳಿದು ಬೆಳೆಯುವುದು ಸಹಜ.

ನಿಯಮವಿಲ್ಲವೆಂದಲ್ಲ. ಚೀಟಿ ಕಡ್ಡಾಯವಾದ ಔಷಧಗಳ ‘ಎಚ್’ ಅನುಸೂಚಿಯಲ್ಲಿ ಮೇಲೆ ಹಚ್ಚುವ ಮುಲಾಮುಗಳಿಗೆ ಇದ್ದ ವಿನಾಯಿತಿ ಬಹುಕಾಲ ಕಂಪನಿಗಳಿಗೆ ಹೆದ್ದಾರಿಯಾಗಿತ್ತು. ಚರ್ಮರೋಗ ತಜ್ಞರ ಸಂಘದ ಒತ್ತಾಯದ ನಂತರ, 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 14 ಸ್ಟೀರಾಯ್ಡ್‌ಗಳ ಲೇಪನಗಳನ್ನು ಚೀಟಿಯಿಲ್ಲದೆ ಮಾರದಂತೆ ಆ ಅನುಸೂಚಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಔಷಧ ಮಿಶ್ರಣಗಳನ್ನು ನಿಷೇಧಿಸಲಾಯಿತು. ಚರ್ಮಕ್ಕೆ ಹಚ್ಚುವ ಇಂಥ ಮಿಶ್ರಣಗಳೂ ಅದರಲ್ಲಿದ್ದವು. ಆದರೆ ನಿಷೇಧ ಅನ್ವಯಿಸುವುದು ನಿರ್ದಿಷ್ಟ ಮಿಶ್ರಣಕ್ಕೆ ಮಾತ್ರ. ಒಂದು ಘಟಕ ಬದಲಾದರೆ ಅದು ಬೇರೆಯೇ ಔಷಧ, ಅದಕ್ಕೆ ಬೇರೆಯೇ ವಿಚಾರಣೆ. ಇನ್ನು ಚೀಟಿಯ ನಿಯಮದ ಪಾಡು ಯಾವುದೇ ಪೇಟೆ ಬೀದಿಯ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತವರಿಗೆ ತಿಳಿಯುತ್ತದೆ. ಪೆಟ್ಟಿಗೆಯ ಮೇಲಿನ ಕೆಂಪು ಗೆರೆಯನ್ನು ಕೊಡುವವರೂ ನೋಡುವುದಿಲ್ಲ, ಕೊಳ್ಳುವವರೂ ನೋಡುವುದಿಲ್ಲ.

ಅಂಗಡಿಯವರನ್ನಷ್ಟೇ ದೂರಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ದಿನಗೂಲಿಯ ಕಾರ್ಮಿಕ ಚರ್ಮರೋಗ ತಜ್ಞರನ್ನು ಕಾಣಬೇಕಾದರೆ ಒಂದು ದಿನದ ಕೂಲಿ ಬಿಡಬೇಕು, ಶುಲ್ಕ ತೆರಬೇಕು, ಆಮೇಲೆ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಮಾತ್ರೆ ಕೊಳ್ಳಬೇಕು. ಗೆರೆ ಮಾಯವಾದ ಬಳಿಕವೂ ಸುಮಾರು ಎರಡು ವಾರ ಚಿಕಿತ್ಸೆ ಮುಂದುವರಿಸಬೇಕೆಂಬುದು ತಜ್ಞರ ಸಲಹೆ. ಅದರ ಮುಂದೆ ಅಗ್ಗದ ಟ್ಯೂಬು, ಮೂರೇ ದಿನದ ಉಪಶಮನ! ಚರ್ಮರೋಗದಲ್ಲಿ ತರಬೇತಿಯಿಲ್ಲದ ವೈದ್ಯರೂ ಇದೇ ಮಿಶ್ರಣಗಳನ್ನು ಬರೆದುಕೊಡುವುದರಿಂದ, ಚೀಟಿ ಇದ್ದ ಮಾತ್ರಕ್ಕೆ ಚಿಕಿತ್ಸೆ ಸರಿಯೆಂಬ ಭರವಸೆಯೂ ಇಲ್ಲ.

ಈಗ ಎಲ್ಲರ ಭಾರ ಇಟ್ರಾಕೋನಜೋಲ್ ಮೇಲೆ ಬಿದ್ದಿದೆ. ಇದು ಸಣ್ಣ ಗುಳಿಗೆಗಳನ್ನು ತುಂಬಿದ ಕ್ಯಾಪ್ಸೂಲ್ ರೂಪದಲ್ಲಿ ಬರುತ್ತದೆ. ಆ ಗುಳಿಗೆಗಳ ಗಾತ್ರ, ಸಂಖ್ಯೆ ಬ್ರಾಂಡ್‌ನಿಂದ ಬ್ರಾಂಡ್‌ಗೆ ಬದಲಾಗುವುದನ್ನು ಭಾರತೀಯ ತಜ್ಞರೇ ಎತ್ತಿ ತೋರಿಸಿದ್ದಾರೆ. ಊಟದ ಜೊತೆಗೆ ತೆಗೆದುಕೊಳ್ಳದಿದ್ದರೆ, ಆಮ್ಲಶಾಮಕ ಮಾತ್ರೆ ಜೊತೆಗಿದ್ದರೆ ದೇಹ ಇದನ್ನು ಸರಿಯಾಗಿ ಹೀರಿಕೊಳ್ಳದು. ಹೃದಯ ದೌರ್ಬಲ್ಯ ಇರುವವರಿಗೆ ಅಪಾಯಕಾರಿ. ಇದೂ ಟರ್ಬಿನಾಫಿನ್ ಹಾದಿ ಹಿಡಿದರೆ ಮುಂದೇನು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ. ಬ್ಯಾಕ್ಟೀರಿಯಾಗಳಿಗೆ ಹೋಲಿಸಿದರೆ ಶಿಲೀಂಧ್ರದ ಜೀವಕೋಶ ಮನುಷ್ಯನ ಜೀವಕೋಶಕ್ಕೆ ಹತ್ತಿರದ ಬಂಧು. ಅದಕ್ಕೆ ಹೊಡೆಯುವ ಪೆಟ್ಟು ನಮಗೂ ಬೀಳುವುದರಿಂದ ಹೊಸ ಔಷಧ ಹುಡುಕುವುದು ಕಷ್ಟ. 2025ರ ಏಪ್ರಿಲ್‌ನ ವಿಶ್ವ ಆರೋಗ್ಯ ಸಂಸ್ಥೆ ವರದಿಯ ಪ್ರಕಾರ, ಹಿಂದಿನ ಹತ್ತು ವರ್ಷಗಳಲ್ಲಿ ಅಮೆರಿಕ, ಯುರೋಪ್ ಒಕ್ಕೂಟ ಮತ್ತು ಚೀನಾದ ನಿಯಂತ್ರಕರಿಂದ ಅನುಮತಿ ಪಡೆದ ಹೊಸ ಶಿಲೀಂಧ್ರ ಔಷಧಗಳು ನಾಲ್ಕೇ. ಆ ವೇಳೆಗೆ ರೋಗಿಗಳ ಮೇಲೆ ಪರೀಕ್ಷೆಯ ಹಂತದಲ್ಲಿದ್ದವು ಒಂಬತ್ತು.

ಇದೇ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಆದ್ಯತಾ ಪಟ್ಟಿ ಪ್ರಕಟಿಸಿತು. 19 ಹೆಸರುಗಳ ಆ ಪಟ್ಟಿಯಲ್ಲಿ ಗಜಕರ್ಣದ ಶಿಲೀಂಧ್ರವಿಲ್ಲ, ಏಕೆಂದರೆ ಪಟ್ಟಿಯ ಗಮನವಿರುವುದು ದೇಹದೊಳಗೆ ನುಗ್ಗಿ ಕೊಲ್ಲುವಂಥವುಗಳ ಮೇಲೆ. ಆ ಮಾನದಂಡದಲ್ಲಿ ತಪ್ಪು ಹುಡುಕಲಾಗದು. ಆದರೆ ಪಟ್ಟಿಯಲ್ಲಿಲ್ಲದ ರೋಗಕ್ಕೆ ಸಂಶೋಧನೆಯ ಹಣವೂ, ಸಮೀಕ್ಷೆಯ ಆಸಕ್ತಿಯೂ ಹರಿಯುವುದು ಕಡಿಮೆ. ಇತ್ತ ರೋಗ ಗಡಿ ದಾಟಿಯಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರಲ್ಲಿ ಇದೇ ಶಿಲೀಂಧ್ರವನ್ನು ವರದಿ ಮಾಡಿತು. ಒಬ್ಬರಿಗೆ ಬಾಂಗ್ಲಾದೇಶದಲ್ಲಿದ್ದಾಗ ತಗುಲಿತ್ತು. ಇನ್ನೊಬ್ಬರು ವಿದೇಶಕ್ಕೆ ಹೋದವರೇ ಅಲ್ಲ.

ರಾಜ್ಯದ ಕೈಯಲ್ಲಿ ಏನಿದೆ? ಔಷಧ ಅಂಗಡಿಗೆ ಪರವಾನಗಿ ಕೊಡುವುದೂ, ರದ್ದುಪಡಿಸುವುದೂ ರಾಜ್ಯದ ಅಧಿಕಾರಿಗಳ ಕೆಲಸ. ಅದಕ್ಕಾಗಿ ದೆಹಲಿಯತ್ತ ನೋಡಬೇಕಿಲ್ಲ. ರೋಗ ಪತ್ತೆಯೂ ದುಬಾರಿಯಲ್ಲ. ಗೆರೆಯ ಅಂಚಿನಿಂದ ಚರ್ಮದ ಹೊಟ್ಟನ್ನು ಕೆರೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಅದಕ್ಕೆ ಅರ್ಧ ಗಂಟೆ ಸಾಕು. ಕ್ಷಯರೋಗದ ಕಫ ಪರೀಕ್ಷೆಗೆಂದು ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೆ ಬಂದ ಸೂಕ್ಷ್ಮದರ್ಶಕಗಳಲ್ಲೇ ಇದನ್ನೂ ನೋಡಬಹುದು. ನೋಡಲು ಕಲಿಸಿದವರು ಮತ್ತು ಕಂಡದ್ದನ್ನು ಬರೆದಿಡುವ ಒಂದು ದಾಖಲೆ ಪುಸ್ತಕ ಇದ್ದರಾಯಿತು.